ಮರೆಗುಳಿತನ ತಡೆ: ಬಾಗಲಕೋಟೆ ಸೀಮೆಯ ಆಹಾರ ಮತ್ತು ಜೀವನಕ್ರಮ

ವಯಸ್ಸಾದಂತೆ ನೆನಪು, ಮಾತು, ಲೆಕ್ಕ, ದಾರಿಯ ಗುರುತು, ತೀರ್ಮಾನಶಕ್ತಿ ಮೊದಲಾದ ಮಿದುಳಿನ ಸಾಮರ್ಥ್ಯಗಳು ಕುಗ್ಗಿ ವ್ಯಕ್ತಿ ಪರಾಧೀನನಾಗುವ ಸ್ಥಿತಿಯನ್ನು ಆಹಾರ, ದುಡಿಮೆ, ನಿದ್ರೆ, ಕಲಿಕೆ, ಒಡನಾಟ ಹಾಗೂ ದೇಹದ ಇತರ ಕಾಯಿಲೆಗಳ ಹತೋಟಿಯಿಂದ ತಪ್ಪಿಸುವ ಇಲ್ಲವೆ ಮುಂದೂಡುವ ಕ್ರಮಗಳ ಒಟ್ಟು ಹೆಸರು ಮರೆಗುಳಿತನ ತಡೆ. ಈ ಲೇಖನವು ವಿಷಯದ ಸಾಮಾನ್ಯ ತಿಳಿವಳಿಕೆಯನ್ನು ಕೊಟ್ಟು, ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ಲ ತಾಲ್ಲೂಕುಗಳ ಊಟ, ಕಸುಬು ಮತ್ತು ಸಮಾಜಜೀವನಕ್ಕೆ ಅದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ವಿವರಿಸುತ್ತದೆ.

ಪರಿಭಾಷೆ

ಮರೆಗುಳಿತನ: ಇಲ್ಲಿ ಡಿಮೆನ್ಷಿಯಾ ಎಂಬ ವೈದ್ಯಕೀಯ ಪದಕ್ಕೆ ಸಮಾನವಾಗಿ ಬಳಕೆಯಾಗಿದೆ. ಇದು ಒಂದೇ ಕಾಯಿಲೆಯಲ್ಲ, ಹಲವು ಕಾಯಿಲೆಗಳಿಂದ ಉಂಟಾಗುವ ಲಕ್ಷಣಗಳ ಗುಂಪು. ಆಲ್‌ಝೈಮರ್ ಕಾಯಿಲೆ ಇದರ ಪ್ರಧಾನ ಬಗೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಟ್ಟು ಪ್ರಕರಣಗಳಲ್ಲಿ ಶೇ. 60ರಿಂದ 70ರಷ್ಟು ಇದರವು. ಮಿದುಳಿನ ರಕ್ತನಾಳಗಳು ಕಟ್ಟುವುದರಿಂದ ಅಥವಾ ಒಡೆಯುವುದರಿಂದ ಬರುವ ರಕ್ತನಾಳದ ಮರೆಗುಳಿತನ, ಲೂಯಿ ಕಣಗಳ ಮರೆಗುಳಿತನ ಮತ್ತು ಮಿದುಳಿನ ಮುಂಭಾಗ ಸವೆಯುವ ಬಗೆ ಇತರ ಮುಖ್ಯ ರೂಪಗಳು. ಹಿರಿಯರಲ್ಲಿ ಎರಡು ಬಗೆಗಳು ಒಟ್ಟಿಗೆ ಇರುವುದು ಸಾಮಾನ್ಯ.

ಅರಿವಿನ ಕುಸಿತ: ವಯಸ್ಸು ಮತ್ತು ಶಿಕ್ಷಣಕ್ಕೆ ಹೋಲಿಸಿದಾಗ ನಿರೀಕ್ಷೆಗಿಂತ ಹೆಚ್ಚಾಗಿ ಮಿದುಳಿನ ಸಾಮರ್ಥ್ಯಗಳು ಇಳಿಯುವುದು. ಪರೀಕ್ಷೆಯಲ್ಲಿ ಇಳಿಕೆ ಕಂಡುಬಂದರೂ ವ್ಯಕ್ತಿ ತನ್ನ ಕೆಲಸಗಳನ್ನು ತಾನೇ ಮಾಡಿಕೊಳ್ಳುತ್ತಿದ್ದರೆ ಅದನ್ನು ಸೌಮ್ಯ ಅರಿವಿನ ದೌರ್ಬಲ್ಯ ಎನ್ನುತ್ತಾರೆ.

ಅರಿವಿನ ಮೀಸಲು: ಓದು, ಕಸುಬು, ಭಾಷೆಗಳ ಬಳಕೆ ಮತ್ತು ಸಾಮಾಜಿಕ ಜೀವನದಿಂದ ಮಿದುಳು ಗಳಿಸುವ ತಾಳಿಕೆ. ಮೀಸಲು ಹೆಚ್ಚಿದ್ದವರಲ್ಲಿ, ಮಿದುಳಿಗೆ ಅಷ್ಟೇ ಹಾನಿಯಾಗಿದ್ದರೂ ಲಕ್ಷಣಗಳು ತಡವಾಗಿ ಕಾಣಿಸುತ್ತವೆ.

ಅರಳುಮರಳು: ಮುಪ್ಪಿನ ಮರೆವು ಮತ್ತು ಗೊಂದಲಕ್ಕೆ ಜನಬಳಕೆಯ ಪದ. ಅರವತ್ತಕ್ಕೆ ಅರಳುಮರಳು ಎಂಬ ನಾಣ್ಣುಡಿ ಈ ಸ್ಥಿತಿಯನ್ನು ವಯಸ್ಸಿನ ಸಹಜ ಫಲವೆಂದು ಭಾವಿಸುತ್ತದೆ. ವೈದ್ಯಕೀಯ ದೃಷ್ಟಿಯಲ್ಲಿ ಹೆಸರು ಥಟ್ಟನೆ ನೆನಪಾಗದಿರುವುದು ಮುಪ್ಪಿನ ಸಹಜ ಮರೆವು. ಬಳಸಿದ ದಾರಿ ತಪ್ಪುವುದು, ಒಲೆಯ ಮೇಲೆ ಇಟ್ಟದ್ದನ್ನು ಪದೇ ಪದೇ ಮರೆಯುವುದು, ಹಣದ ಲೆಕ್ಕ ತಿಳಿಯದಾಗುವುದು ಕಾಯಿಲೆಯ ಲಕ್ಷಣಗಳು.

ಅಧ್ಯಯನದ ಹಿನ್ನೆಲೆ

ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ 1906ರಲ್ಲಿ, ನೆನಪು ಮತ್ತು ಮಾತು ಕಳೆದುಕೊಂಡು ತೀರಿಕೊಂಡ ಮಹಿಳೆಯೊಬ್ಬರ ಮಿದುಳಿನಲ್ಲಿ ಕಂಡ ಜಿಡ್ಡು ಮತ್ತು ಸಿಕ್ಕುಗಳನ್ನು ವಿವರಿಸಿದ. 1910ರಲ್ಲಿ ಎಮಿಲ್ ಕ್ರೇಪಲಿನ್ ಆ ಕಾಯಿಲೆಗೆ ಆತನ ಹೆಸರನ್ನಿಟ್ಟ. ಇಪ್ಪತ್ತನೆಯ ಶತಮಾನದ ಬಹುಕಾಲ ಇದನ್ನು ತಡೆಯಲಾಗದ ಸ್ಥಿತಿಯೆಂದೇ ತಿಳಿಯಲಾಗಿತ್ತು. ಹೃದಯ ಮತ್ತು ರಕ್ತನಾಳಗಳಿಗೆ ಹಾನಿ ಮಾಡುವ ಅಂಶಗಳೇ ಮಿದುಳಿಗೂ ಹಾನಿ ಮಾಡುತ್ತವೆ ಎಂಬುದು ದೀರ್ಘಕಾಲದ ಅಧ್ಯಯನಗಳಿಂದ ಸ್ಪಷ್ಟವಾದ ಮೇಲೆ ತಡೆಯ ವಿಚಾರ ಮುನ್ನೆಲೆಗೆ ಬಂತು.

ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಬದಲಿಸಬಹುದಾದ ಅಪಾಯಾಂಶಗಳನ್ನು ಮೂರು ಬಾರಿ ಪಟ್ಟಿ ಮಾಡಿದೆ. 2017ರಲ್ಲಿ 9, 2020ರಲ್ಲಿ 12, 2024ರಲ್ಲಿ 14 ಅಂಶಗಳು ಪಟ್ಟಿಯಲ್ಲಿದ್ದವು. 2024ರ ವರದಿಯಂತೆ ಈ ಹದಿನಾಲ್ಕನ್ನೂ ಪೂರ್ತಿ ನಿವಾರಿಸಿದರೆ ಪ್ರಪಂಚದ ಮರೆಗುಳಿತನದ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಪಾಯ ತಗ್ಗಿಸುವ ಮಾರ್ಗಸೂಚಿಯನ್ನು ಪ್ರಕಟಿಸಿತು. ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಪ್ರಪಂಚದಲ್ಲಿ 5.7 ಕೋಟಿ ಜನರಿಗೆ ಈ ಸ್ಥಿತಿಯಿತ್ತು.

ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆಗುಳಿತನವಿದೆ ಎಂದು ರಾಷ್ಟ್ರವ್ಯಾಪಿ ವೃದ್ಧಾಪ್ಯ ಸಮೀಕ್ಷೆಯ ಭಾಗವಾಗಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಈ ಕ್ಷೇತ್ರದ ಮುಖ್ಯ ಸಂಸ್ಥೆಗಳು. ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ಮೀರಿದ 10,000 ಗ್ರಾಮಸ್ಥರನ್ನು ದೀರ್ಘಕಾಲ ಗಮನಿಸುವ ಗುರಿಯ ಅಧ್ಯಯನವನ್ನು ನಡೆಸುತ್ತಿದೆ. ರಕ್ತಪರೀಕ್ಷೆ, ಆಹಾರದ ವಿವರ, ನಡಿಗೆಯ ಪರೀಕ್ಷೆ, ನೆನಪಿನ ಪರೀಕ್ಷೆ ಇದರ ಭಾಗಗಳು.

ಮಿದುಳಿನಲ್ಲಿ ಆಗುವ ಬದಲಾವಣೆ

ಆಲ್‌ಝೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ನರಕೋಶಗಳ ನಡುವೆ ಜಿಡ್ಡಾಗಿಯೂ ಟಾವ್ ಎಂಬ ಪ್ರೋಟೀನು ಕೋಶಗಳ ಒಳಗೆ ಸಿಕ್ಕಾಗಿಯೂ ಸೇರಿಕೊಳ್ಳುತ್ತವೆ. ಲಕ್ಷಣ ಕಾಣುವ 15–20 ವರ್ಷ ಮೊದಲೇ ಈ ಬದಲಾವಣೆ ಆರಂಭವಾಗಿರುತ್ತದೆ. ಎಪ್ಪತ್ತರಲ್ಲಿ ಕಾಣುವ ಮರೆವಿನ ತಡೆ ನಲವತ್ತು–ಐವತ್ತರ ವಯಸ್ಸಿನಲ್ಲೇ ಶುರುವಾಗಬೇಕು ಎಂಬ ಸೂತ್ರಕ್ಕೆ ಇದೇ ಆಧಾರ.

ಆಹಾರ ಮತ್ತು ಜೀವನಕ್ರಮ ಮೂರು ದಾರಿಗಳಿಂದ ಮಿದುಳನ್ನು ಮುಟ್ಟುತ್ತವೆ. ಮೊದಲನೆಯದು ರಕ್ತನಾಳ: ರಕ್ತದೊತ್ತಡ, ಸಕ್ಕರೆ, ಕೊಬ್ಬು ಮತ್ತು ತಂಬಾಕು ಮಿದುಳಿನ ಸಣ್ಣ ರಕ್ತನಾಳಗಳನ್ನು ಗಡಸಾಗಿಸಿ ರಕ್ತದ ಪೂರೈಕೆ ತಗ್ಗಿಸುತ್ತವೆ. ಎರಡನೆಯದು ಪೋಷಕಾಂಶ: ಬಿ12, ಫೋಲೇಟ್, ಕಬ್ಬಿಣ, ಅಯೋಡಿನ್ ಕೊರತೆಗಳು ನರಗಳ ಕೆಲಸವನ್ನು ನೇರವಾಗಿ ಕೆಡಿಸುತ್ತವೆ. ಮೂರನೆಯದು ಬಳಕೆ: ಕೇಳುವುದು, ಮಾತಾಡುವುದು, ಕಲಿಯುವುದು ನಿಂತಾಗ ಅರಿವಿನ ಮೀಸಲು ಬೆಳೆಯುವುದಿಲ್ಲ.

ಬದಲಿಸಬಹುದಾದ ಅಪಾಯಾಂಶಗಳು

2024ರ ಪಟ್ಟಿಯ ಅಂಶಗಳನ್ನು ಜೀವನದ ಹಂತಗಳಿಗೆ ತಕ್ಕಂತೆ ವಿಂಗಡಿಸಲಾಗಿದೆ. ಆವರಣದಲ್ಲಿರುವುದು ತಡೆಯಬಹುದಾದ ಪ್ರಮಾಣ.

ಬಾಲ್ಯ ಮತ್ತು ಯೌವನ: ಕಡಿಮೆ ಶಿಕ್ಷಣ (ಶೇ. 5).

ನಡುವಯಸ್ಸು: ಕಿವುಡು (7), ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ (7), ಖಿನ್ನತೆ (3), ತಲೆಗೆ ಪೆಟ್ಟು (3), ದೈಹಿಕ ಚಟುವಟಿಕೆಯ ಕೊರತೆ (2), ಸಕ್ಕರೆ ಕಾಯಿಲೆ (2), ಧೂಮಪಾನ (2), ರಕ್ತದೊತ್ತಡ (2), ಬೊಜ್ಜು (1), ಅತಿಯಾದ ಮದ್ಯಪಾನ (1).

ಮುಪ್ಪು: ಒಂಟಿತನ (5), ವಾಯುಮಾಲಿನ್ಯ (3), ಚಿಕಿತ್ಸೆ ಪಡೆಯದ ದೃಷ್ಟಿದೋಷ (2).

ಆಹಾರ ಈ ಪಟ್ಟಿಯಲ್ಲಿ ಪ್ರತ್ಯೇಕ ಅಂಶವಾಗಿ ಬಂದಿಲ್ಲ. ಅದರ ಪ್ರಭಾವ ಕೊಲೆಸ್ಟರಾಲ್, ರಕ್ತದೊತ್ತಡ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಮೂಲಕ ಕೆಲಸ ಮಾಡುತ್ತದೆ.

ಪ್ರದೇಶ

ಬಾಗಲಕೋಟೆ ಜಿಲ್ಲೆ 1997ರಲ್ಲಿ ವಿಜಯಪುರ ಜಿಲ್ಲೆಯಿಂದ ಬೇರ್ಪಟ್ಟಿತು. ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಹರಿಯುವ ಈ ಸೀಮೆಯಲ್ಲಿ ಮಳೆ ಕಡಿಮೆ. ಕಪ್ಪು ನೆಲದಲ್ಲಿ ಹಿಂಗಾರಿ ಬಿಳಿಜೋಳ ಮತ್ತು ಕಡಲೆ, ಕೆಂಪು ನೆಲದಲ್ಲಿ ಸಜ್ಜೆ ಹಾಗೂ ಶೇಂಗಾ ಬೆಳೆಯುತ್ತವೆ. ಇಳಕಲ್ಲ ಸೀರೆಯ ನೇಯ್ಗೆ ಮತ್ತು ಕೆಂಪು ಗ್ರಾನೈಟಿನ ಗಣಿಗಾರಿಕೆ ಇಳಕಲ್ಲ ಭಾಗದ ಕಸುಬುಗಳು. ಬಾದಾಮಿ, ಪಟ್ಟದಕಲ್ಲು, ಐಹೊಳೆ ಪ್ರವಾಸಿ ಸ್ಥಳಗಳು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿದ್ದರಿಂದ ನಗರದ ಬಹಳಷ್ಟು ಜನ ನವನಗರಕ್ಕೆ ಸ್ಥಳಾಂತರಗೊಂಡರು.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 18.9 ಲಕ್ಷ, ಸಾಕ್ಷರತೆ ಸುಮಾರು ಶೇ. 69. ಮಹಿಳೆಯರ ಸಾಕ್ಷರತೆ ಶೇ. 60ಕ್ಕಿಂತ ಕಡಿಮೆಯಿತ್ತು. ಬಾಲ್ಯದಲ್ಲಿ ಶಾಲೆ ಕಾಣದ ಹಿರಿಯ ಮಹಿಳೆಯರು ಹೆಚ್ಚಾಗಿರುವ ಪ್ರದೇಶದಲ್ಲಿ ಅರಿವಿನ ಮೀಸಲಿನ ಪ್ರಶ್ನೆ ಮುಖ್ಯವಾಗುತ್ತದೆ.

ಆಹಾರ

ಸೀಮೆಯ ಸಾಂಪ್ರದಾಯಿಕ ಊಟ ರೊಟ್ಟಿ, ಕಾಳುಪಲ್ಲೆ, ಹಸಿ ತಪ್ಪಲು, ಹಿಂಡಿ ಮತ್ತು ಮೊಸರು ಅಥವಾ ಮಜ್ಜಿಗೆಯನ್ನು ಒಳಗೊಂಡಿದೆ. ಬಾದಾಮಿ ಬಳಿಯ ಬನಶಂಕರಿ ಗುಡಿಯ ಆವರಣದಲ್ಲಿ ಮಹಿಳೆಯರು ಬುಟ್ಟಿಯಲ್ಲಿ ಹೊತ್ತು ತಂದು ಮಾರುವ ಊಟ ಇದೇ ಜೋಡಣೆಯದು.

ಧಾನ್ಯ: ಬಿಳಿಜೋಳದ ರೊಟ್ಟಿ ಮೂಲ ಆಹಾರ. ಚಳಿಗಾಲದಲ್ಲಿ, ವಿಶೇಷವಾಗಿ ಸಂಕ್ರಾಂತಿಯ ಹೊತ್ತಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ರೂಢಿಯಲ್ಲಿದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಮತ್ತು 10 ಗ್ರಾಂ ನಾರು ಇರುತ್ತದೆ. ಅಷ್ಟೇ ಪ್ರಮಾಣದ ಪಾಲಿಶ್ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ. ಸಜ್ಜೆಯಲ್ಲಿ ಕಬ್ಬಿಣದ ಅಂಶ ಜೋಳಕ್ಕಿಂತ ಹೆಚ್ಚು. ಹಿಟ್ಟನ್ನು ಸೋಸಿ ತೌಡು ತೆಗೆದರೆ ನಾರು ಕಡಿಮೆಯಾಗುತ್ತದೆ.

ಕಾಳು: ಹೆಸರು, ಮಡಿಕೆ, ಅಲಸಂದಿ, ಕಡಲೆ, ತೊಗರಿ ಮತ್ತು ಹುರುಳಿ ಪ್ರೋಟೀನು ಹಾಗೂ ಫೋಲೇಟಿನ ಮೂಲಗಳು. ಮೊಳಕೆ ಬರಿಸಿದ ಹೆಸರು ಮತ್ತು ಮಡಿಕೆಯ ಪಲ್ಲೆ, ಕಡಲೆಹಿಟ್ಟಿನ ಝುಣಕ ನಿತ್ಯದ ಅಡುಗೆಗಳು. ಮೊಳಕೆಯಿಂದ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದು ಸುಲಭವಾಗುತ್ತದೆ.

ತಪ್ಪಲು ಮತ್ತು ಕಾಯಿಪಲ್ಲೆ: ಪುಂಡಿಪಲ್ಲೆ, ಮೆಂತ್ಯ, ರಾಜಗಿರಿ, ಕಿರಕಸಾಲಿ ಬೇಯಿಸಿ ತಿನ್ನುವ ಸೊಪ್ಪುಗಳು. ಹಕ್ಕರಕಿ, ಎಳೆಯ ಮೆಂತ್ಯ, ಮೂಲಂಗಿ ಮತ್ತು ಉಳ್ಳಾಗಡ್ಡಿ ತಪ್ಪಲನ್ನು ರೊಟ್ಟಿಯೊಂದಿಗೆ ಹಸಿಯಾಗಿ ತಿನ್ನುತ್ತಾರೆ. ಬದನೆಕಾಯಿಯ ಎಣ್ಣೆಗಾಯಿ ಸೀಮೆಯ ಪ್ರಸಿದ್ಧ ಅಡುಗೆ. ಬನಶಂಕರಿಯನ್ನು ಶಾಕಾಂಬರಿಯೆಂದೂ ಪೂಜಿಸುತ್ತಾರೆ. ಪುಷ್ಯಮಾಸದ ಜಾತ್ರೆಯ ಮುನ್ನ ಬರುವ ಪಲ್ಲೇದ ಹಬ್ಬದಲ್ಲಿ ದೇವಿಗೆ 108 ಬಗೆಯ ಕಾಯಿಪಲ್ಲೆಗಳ ಅಡುಗೆಯನ್ನು ನೈವೇದ್ಯ ಮಾಡುವ ಸಂಪ್ರದಾಯವಿದೆ. ಹಸಿರು ಸೊಪ್ಪನ್ನು ನಿತ್ಯ ತಿನ್ನುವ ಹಿರಿಯರಲ್ಲಿ ಅರಿವಿನ ಕುಸಿತ ನಿಧಾನ ಎಂಬುದನ್ನು ಷಿಕಾಗೋದಲ್ಲಿ ನಡೆದ ದೀರ್ಘಕಾಲದ ಅವಲೋಕನಗಳು ತೋರಿಸಿವೆ.

ಹಿಂಡಿ ಮತ್ತು ಎಣ್ಣೆಕಾಳು: ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೆ ಹಿಂಡಿ ಎನ್ನುತ್ತಾರೆ. ಶೇಂಗಾ, ಗುರೆಳ್ಳು ಮತ್ತು ಅಗಸಿ ಇದರ ಮುಖ್ಯ ಬಗೆಗಳು. ಅಗಸೆ ಬೀಜದ ತೂಕದಲ್ಲಿ ಸುಮಾರು ಶೇ. 40 ಎಣ್ಣೆ. ಅದರ ಅರ್ಧಕ್ಕೂ ಹೆಚ್ಚು ಭಾಗ ಸಸ್ಯಮೂಲದ ಒಮೆಗಾ–3 ಕೊಬ್ಬಿನಾಮ್ಲ. ದೇಹ ಇದರ ಸ್ವಲ್ಪ ಭಾಗವನ್ನು ಮಾತ್ರ ಮೀನಿನಲ್ಲಿರುವ ಬಗೆಯ ಒಮೆಗಾ–3 ಆಗಿ ಪರಿವರ್ತಿಸಬಲ್ಲದು. ಅಗಸೆಯನ್ನು ಪುಡಿ ಮಾಡಿದರೆ ಚೆನ್ನಾಗಿ ಜೀರ್ಣವಾಗುತ್ತದೆ, ಇಡೀ ಬೀಜ ಬಹುಪಾಲು ಹಾಗೇ ಹೊರಹೋಗುತ್ತದೆ. ಅಡುಗೆಗೆ ಕುಸುಬಿ ಮತ್ತು ಶೇಂಗಾ ಎಣ್ಣೆಯ ಬಳಕೆ ಹಳೆಯದು. ಇವೆರಡರಲ್ಲೂ ಅಪರ್ಯಾಪ್ತ ಕೊಬ್ಬು ಪ್ರಧಾನ.

ಹೈನು ಮತ್ತು ಬಿ12: ಬಿ12 ಜೀವಸತ್ವ ಸಸ್ಯಗಳಲ್ಲಿ ದೊರೆಯುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು ಮತ್ತು ಮಾಂಸ ಇದರ ಮೂಲಗಳು. ಸಸ್ಯಾಹಾರಿ ಕುಟುಂಬಗಳು ಹೆಚ್ಚಾಗಿರುವ ಈ ಸೀಮೆಯಲ್ಲಿ ಹೈನೇ ಏಕೈಕ ಮೂಲವಾಗುವುದು ಸಾಮಾನ್ಯ. ದಿನಕ್ಕೆ ಬೇಕಾದ ಪ್ರಮಾಣ ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ತೆಳು ಮಜ್ಜಿಗೆಯಿಂದ ಇದು ಪೂರೈಸುವುದಿಲ್ಲ. ವಯಸ್ಸಾದಂತೆ ಜಠರದಲ್ಲಿ ಆಮ್ಲ ಕಡಿಮೆಯಾಗುವುದರಿಂದಲೂ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ಸೇವಿಸುವುದರಿಂದಲೂ ಬಿ12 ಹೀರುವಿಕೆ ಕುಗ್ಗುತ್ತದೆ. ಈ ಕೊರತೆಯಿಂದ ಕೈಕಾಲು ಜೋಮು, ತೂರಾಟ, ಮರೆವು ಮತ್ತು ಗೊಂದಲ ಉಂಟಾಗುತ್ತವೆ. ಬೇಗ ಗುರುತಿಸಿ ಚುಚ್ಚುಮದ್ದು ಅಥವಾ ಗುಳಿಗೆ ಕೊಟ್ಟರೆ ಬಹುಪಾಲು ಸರಿಹೋಗುತ್ತದೆ. ಆದ್ದರಿಂದ ಮರೆವಿನ ದೂರಿನೊಂದಿಗೆ ಬಂದವರಿಗೆ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮೊದಲ ಹಂತದಲ್ಲೇ ನಡೆಯುತ್ತದೆ.

ಮಿತಿಯಲ್ಲಿರಬೇಕಾದವು: ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ಸೂಚಿಸುತ್ತದೆ. ಉಪ್ಪಿನಕಾಯಿ, ಕೆಂಪುಮೆಣಸಿನ ರಂಜಕ, ಹಪ್ಪಳ, ಸಂಡಿಗೆ ಮತ್ತು ಹಿಂಡಿಗಳಲ್ಲಿ ಉಪ್ಪು ಮರೆಯಾಗಿ ಸೇರಿಕೊಳ್ಳುತ್ತದೆ. ಮಿರ್ಚಿಭಜಿ ಮೊದಲಾದ ಕರಿದ ತಿನಿಸುಗಳಲ್ಲಿ ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಹಾಗೂ ವನಸ್ಪತಿ ಹೃದಯಕ್ಕೆ ಕೆಡುಕು. ಹುನಗುಂದ ತಾಲ್ಲೂಕಿನ ಅಮೀನಗಡದ ಕರದಂಟಿನಲ್ಲಿ ಅಂಟು, ಒಣಹಣ್ಣು, ಗೋಡಂಬಿ, ಬಾದಾಮಿಗಳ ಪೌಷ್ಟಿಕತೆಯಿದ್ದರೂ ಬೆಲ್ಲ ಮತ್ತು ತುಪ್ಪದಿಂದ ಬರುವ ಶಕ್ತಿಯೂ ಹೆಚ್ಚು. ಸಕ್ಕರೆ ಕಾಯಿಲೆಯವರು ಬೆಲ್ಲವನ್ನು ಸಕ್ಕರೆಗೆ ಸಮಾನವೆಂದೇ ಎಣಿಸಬೇಕಾಗುತ್ತದೆ. ದಿನಕ್ಕೆ ಹಲವು ಬಾರಿ ಕುಡಿಯುವ ಸಿಹಿ ಚಹಾವೂ ಈ ಲೆಕ್ಕಕ್ಕೆ ಸೇರುತ್ತದೆ.

ಪ್ರಮಾಣ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, 2,000 ಕಿಲೋ ಕ್ಯಾಲೊರಿಯ ದಿನದ ಆಹಾರಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಕಾಳುಬೇಳೆ, 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಅಥವಾ ಮೊಸರು, 35 ಗ್ರಾಂ ಎಣ್ಣೆಬೀಜ ಹಾಗೂ ಒಣಬೀಜ, 27 ಗ್ರಾಂ ಎಣ್ಣೆಯನ್ನು ಸೂಚಿಸುತ್ತದೆ. ರೊಟ್ಟಿಯ ಊಟದ ಜೋಡಣೆ ಈ ಪಟ್ಟಿಗೆ ಹೊಂದುತ್ತದೆ. ಹೊಂದದೆ ಹೋಗುವುದು ಪ್ರಮಾಣ: ಮೂರು ರೊಟ್ಟಿಗೆ ಒಂದು ಚಮಚ ಪಲ್ಲೆ ಇದ್ದರೆ ಧಾನ್ಯದ ಪಾಲು ಮೀರಿ, ತರಕಾರಿ ಮತ್ತು ಹಣ್ಣಿನ ಪಾಲು ಕೊರೆಯಾಗುತ್ತದೆ.

ಆಹಾರಕ್ರಮಗಳ ಪ್ರಯೋಗ

ಮೆಡಿಟರೇನಿಯನ್ ಮತ್ತು ರಕ್ತದೊತ್ತಡ ತಗ್ಗಿಸುವ ಡ್ಯಾಷ್ ಆಹಾರಕ್ರಮಗಳನ್ನು ಬೆರೆಸಿ ಷಿಕಾಗೋದ ರಷ್ ವಿಶ್ವವಿದ್ಯಾಲಯದ ಮಾರ್ಥಾ ಕ್ಲೇರ್ ಮಾರಿಸ್ ಮತ್ತು ಸಂಗಡಿಗರು 2015ರಲ್ಲಿ ಮೈಂಡ್ ಆಹಾರಕ್ರಮವನ್ನು ಪ್ರಕಟಿಸಿದರು. ಹಸಿರು ಸೊಪ್ಪು, ತರಕಾರಿ, ಬೆರಿ ಹಣ್ಣು, ಇಡಿಧಾನ್ಯ, ಕಾಳು, ಒಣಬೀಜ ಸೇರಿ 10 ಒಳ್ಳೆಯ ಗುಂಪುಗಳು ಹಾಗೂ ಬೆಣ್ಣೆ, ಸಿಹಿ, ಕರಿದ ತಿನಿಸು ಸೇರಿ 5 ಮಿತಿಗೊಳಿಸಬೇಕಾದ ಗುಂಪುಗಳು ಇದರಲ್ಲಿವೆ. ಅವಲೋಕನ ಅಧ್ಯಯನಗಳಲ್ಲಿ ಇದನ್ನು ಪಾಲಿಸಿದವರಲ್ಲಿ ಮರೆಗುಳಿತನ ಕಡಿಮೆ ಕಂಡಿತು. ಆದರೆ 604 ಜನರನ್ನು ಮೂರು ವರ್ಷ ಗಮನಿಸಿ 2023ರಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗದಲ್ಲಿ, ಮೈಂಡ್ ಆಹಾರದವರಿಗೂ ಕೇವಲ ಶಕ್ತಿಪ್ರಮಾಣ ತಗ್ಗಿಸಿದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಫಿನ್ಲೆಂಡಿನಲ್ಲಿ 60–77 ವಯಸ್ಸಿನ 1,260 ಜನರ ಮೇಲೆ ಎರಡು ವರ್ಷ ನಡೆದ ಫಿಂಗರ್ ಪ್ರಯೋಗದ ಫಲಿತಾಂಶ 2015ರಲ್ಲಿ ಹೊರಬಂತು. ಆಹಾರ ಸಲಹೆ, ವ್ಯಾಯಾಮ, ಮಿದುಳಿನ ಅಭ್ಯಾಸ ಮತ್ತು ರಕ್ತನಾಳದ ಅಪಾಯಗಳ ಹತೋಟಿಯನ್ನು ಒಟ್ಟಿಗೆ ಕೊಟ್ಟ ಗುಂಪಿನಲ್ಲಿ ಅರಿವಿನ ಸಾಮರ್ಥ್ಯ ಹೆಚ್ಚು ಸುಧಾರಿಸಿತು. ಒಂದೇ ಆಹಾರಕ್ಕಿಂತ ಹಲವು ಕ್ರಮಗಳ ಕೂಡಿಕೆ ಫಲ ಕೊಡುತ್ತದೆ ಎಂಬ ನಿಲುವಿಗೆ ಇದು ಮುಖ್ಯ ಆಧಾರ. 2025ರಲ್ಲಿ ಪ್ರಕಟವಾದ ಅಮೆರಿಕದ ಪಾಯಿಂಟರ್ ಪ್ರಯೋಗವೂ ಇದೇ ದಿಕ್ಕಿನ ಫಲಿತಾಂಶ ನೀಡಿತು.

ಗುಳಿಗೆ ಮತ್ತು ಪುಡಿಗಳ ವಿಷಯದಲ್ಲಿ ಸಾಕ್ಷ್ಯ ದುರ್ಬಲ. ಗಿಂಕೋ ಎಲೆಯ ಸಾರವನ್ನು 3,000ಕ್ಕೂ ಹೆಚ್ಚು ಹಿರಿಯರಿಗೆ ಕೊಟ್ಟ ಅಮೆರಿಕದ ಪ್ರಯೋಗದಲ್ಲಿ ಮರೆಗುಳಿತನ ಕಡಿಮೆಯಾಗಲಿಲ್ಲ ಎಂದು 2008ರಲ್ಲಿ ವರದಿಯಾಯಿತು. ಕೊರತೆ ಇಲ್ಲದವರಿಗೆ ಬಿ ಗುಂಪಿನ ಜೀವಸತ್ವ, ಇ ಜೀವಸತ್ವ ಅಥವಾ ಒಮೆಗಾ–3 ಗುಳಿಗೆಗಳನ್ನು ಈ ಉದ್ದೇಶಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಬ್ರಾಹ್ಮಿ, ಒಂದೆಲಗ ಮತ್ತು ಅರಿಸಿನಗಳ ಬಳಕೆ ಸಂಪ್ರದಾಯದಲ್ಲಿದ್ದರೂ ಅವು ಮರೆಗುಳಿತನ ತಡೆಯುತ್ತವೆಂಬುದು ದೊಡ್ಡ ಪ್ರಯೋಗಗಳಲ್ಲಿ ಸಿದ್ಧವಾಗಿಲ್ಲ.

ಜೀವನಕ್ರಮ

ದೈಹಿಕ ಚಟುವಟಿಕೆ: ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಹಿರಿಯರಿಗೆ ಅದರ ಜೊತೆ ವಾರದಲ್ಲಿ ಮೂರು ದಿನ ಸಮತೋಲನದ ಅಭ್ಯಾಸವನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಹೊಲದ ಕೆಲಸ, ನೀರು ಹೊರುವುದು, ರೊಟ್ಟಿ ಬಡಿಯುವುದು ಮೈ ದಣಿಸುವ ದುಡಿಮೆಗಳು. ಕುಣಿಮಗ್ಗದಲ್ಲಿ ಕೈಕಾಲುಗಳೆರಡೂ ಆಡುತ್ತವೆಯಾದರೂ ನೇಕಾರ ದಿನವಿಡೀ ಕೂತೇ ಇರುತ್ತಾನೆ. ವಿದ್ಯುತ್ ಮಗ್ಗ, ಅಂಗಡಿ ಮತ್ತು ಕಚೇರಿ ಕೆಲಸದವರಿಗೆ ಪ್ರತ್ಯೇಕ ನಡಿಗೆ ಬೇಕಾಗುತ್ತದೆ.

ಕಿವಿ ಮತ್ತು ಕಣ್ಣು: ಸದ್ದಿನ ಮಟ್ಟ 85 ಡೆಸಿಬೆಲ್ ಮೀರಿದ ಕಡೆ ದಿನಕ್ಕೆ ಎಂಟು ಗಂಟೆ ವರ್ಷಗಟ್ಟಲೆ ದುಡಿದರೆ ಒಳಕಿವಿಯ ರೋಮಕೋಶಗಳು ನಾಶವಾಗುತ್ತವೆ. ವಿದ್ಯುತ್ ಮಗ್ಗಗಳ ಶೆಡ್ಡು, ಕಲ್ಲು ಕೊರೆಯುವ ಮತ್ತು ಒಡೆಯುವ ಗಣಿ ಇಂಥ ಕೆಲಸದ ಜಾಗಗಳು. ಕಿವುಡು ನಿಧಾನವಾಗಿ ಬರುವುದರಿಂದ ಗಮನಕ್ಕೆ ಬರುವಷ್ಟರಲ್ಲಿ ಮಾತುಕತೆ ಕಡಿಮೆಯಾಗಿರುತ್ತದೆ. ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಚೀವ್ ಪ್ರಯೋಗದಲ್ಲಿ ಎಲ್ಲರನ್ನೂ ಸೇರಿಸಿ ನೋಡಿದಾಗ ಶ್ರವಣಯಂತ್ರದ ಪ್ರಯೋಜನ ಕಾಣಲಿಲ್ಲ. ಆದರೆ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮೂರು ವರ್ಷಗಳಲ್ಲಿ ಅರಿವಿನ ಕುಸಿತ ಶೇ. 48ರಷ್ಟು ನಿಧಾನವಾಯಿತು. ಕಿವಿಗೆ ಬಿರಡೆ ಅಥವಾ ಮುಚ್ಚಳ ಹಾಕಿಕೊಳ್ಳುವುದು ಮುನ್ನೆಚ್ಚರಿಕೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯೂ ಮರೆಗುಳಿತನದ ಅಪಾಯ ತಗ್ಗುವುದರೊಂದಿಗೆ ಸಂಬಂಧ ಹೊಂದಿದೆ.

ತಂಬಾಕು ಮತ್ತು ಮದ್ಯ: ಬೀಡಿ, ಸಿಗರೇಟು, ಗುಟ್ಕಾ ಮತ್ತು ತಂಬಾಕಿನ ಎಲೆಯಡಿಕೆ ರಕ್ತನಾಳಗಳಿಗೆ ಹಾನಿ ಮಾಡುತ್ತವೆ. ಅತಿಯಾದ ಮದ್ಯಪಾನದಿಂದ ಬಿ1 ಜೀವಸತ್ವದ ಕೊರತೆಯುಂಟಾಗಿ ನೆನಪು ನೇರವಾಗಿ ಕೆಡಬಹುದು. ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಸ್ವಾಮೀಜಿ 1970ರ ದಶಕದಲ್ಲಿ ಮಹಾಂತ ಜೋಳಿಗೆ ಎಂಬ ಅಭಿಯಾನವನ್ನು ಆರಂಭಿಸಿದರು. ಮನೆಮನೆಗೆ ಜೋಳಿಗೆ ಒಡ್ಡಿ ಕಾಳು ಕಾಸಿನ ಬದಲು ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡುವುದು ಇದರ ಕ್ರಮ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಕಲಿಕೆ ಮತ್ತು ಭಾಷೆ: ನರವಿಜ್ಞಾನಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಮರೆಗುಳಿತನ ಸರಾಸರಿ 4.5 ವರ್ಷ ತಡವಾಗಿ ಕಾಣಿಸಿಕೊಂಡಿತು. ಓದುಬರಹ ಬಾರದವರಲ್ಲೂ ಈ ಅಂತರ ಕಂಡದ್ದು ಅಧ್ಯಯನದ ವಿಶೇಷ. ಕನ್ನಡ, ಉರ್ದು, ಮರಾಠಿ, ಲಂಬಾಣಿ, ತೆಲುಗು ಕೇಳಿಬರುವ ಬಾಗಲಕೋಟೆ ಸೀಮೆಯ ಸಂತೆ ಮತ್ತು ಪೇಟೆಗಳಲ್ಲಿ ಶಾಲೆಯ ಹೊರಗೂ ಬಹುಭಾಷಿಕತೆ ಬೆಳೆಯುತ್ತದೆ.

ಒಡನಾಟ: ವಚನಗಳ ಕಂಠಪಾಠ, ಭಜನೆ, ಪುರಾಣ ಪ್ರವಚನ, ಶ್ರೀಕೃಷ್ಣ ಪಾರಿಜಾತದಂಥ ಸಣ್ಣಾಟ, ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ವೃತ್ತಿ ನಾಟಕ ಕಂಪನಿಗಳ ಪ್ರದರ್ಶನ, ಕಟ್ಟೆಯ ಮೇಲಿನ ಚೌಕಾಬಾರ ಮತ್ತು ಹುಲಿಕಟ್ಟು ಹಿರಿಯರನ್ನು ಜನರ ನಡುವೆ ಇರಿಸುವ ರೂಢಿಗಳು. ಬಾದಾಮಿ ಮತ್ತು ಹುನಗುಂದ ಭಾಗದಿಂದ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಗುಳೆ ಹೋಗುವ ಕುಟುಂಬಗಳಲ್ಲಿ ಮುದುಕರು ಮನೆ ಕಾಯುತ್ತ ಉಳಿಯುತ್ತಾರೆ. ಒಂಟಿತನ ಮತ್ತು ಖಿನ್ನತೆಗೆ ಇದು ಕಾರಣವಾಗುತ್ತದೆ. ಖಿನ್ನತೆಯೂ ಮರೆವಿನಂತೆ ತೋರಬಹುದು, ಮತ್ತು ಅದಕ್ಕೆ ಚಿಕಿತ್ಸೆಯಿದೆ.

ನಿದ್ರೆ: ಬ್ರಿಟನ್ನಿನ ಸರ್ಕಾರಿ ನೌಕರರ ದೀರ್ಘಕಾಲದ ಅಧ್ಯಯನದಂತೆ, 50–60ರ ವಯಸ್ಸಿನಲ್ಲಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ರಿಸುವವರಲ್ಲಿ, ಏಳು ಗಂಟೆ ನಿದ್ರಿಸುವವರಿಗಿಂತ ಮರೆಗುಳಿತನದ ಪ್ರಮಾಣ ಸುಮಾರು ಶೇ. 30 ಹೆಚ್ಚು. ವರದಿ 2021ರಲ್ಲಿ ಪ್ರಕಟವಾಯಿತು.

ಹೊಗೆ ಮತ್ತು ಪೆಟ್ಟು: ಸೌದೆ, ಹತ್ತಿಕಟ್ಟಿಗೆ, ಕುಳ್ಳುಗಳ ಒಲೆಯ ಹೊಗೆ ಮನೆಯೊಳಗಿನ ವಾಯುಮಾಲಿನ್ಯದ ಮೂಲ. ಅಡುಗೆ ಮಾಡುವ ಮಹಿಳೆಯರು ಇದಕ್ಕೆ ಹೆಚ್ಚು ಒಡ್ಡಿಕೊಳ್ಳುತ್ತಾರೆ. ತಲೆಗೆ ಪೆಟ್ಟು ಬೀಳದಂತೆ ಬೈಕ್ ಸವಾರರಿಗೆ ಹೆಲ್ಮೆಟ್, ಹಿರಿಯರು ಜಾರಿ ಬೀಳದಂತೆ ಬಚ್ಚಲು ಮತ್ತು ಮೆಟ್ಟಿಲಲ್ಲಿ ಬೆಳಕು ಹಾಗೂ ಹಿಡಿಕೆ ಮುನ್ನೆಚ್ಚರಿಕೆಗಳು.

ದೇಹದ ಕಾಯಿಲೆಗಳ ಹತೋಟಿ

ನಲವತ್ತು ದಾಟಿದ ಮೇಲೆ ರಕ್ತದೊತ್ತಡದ ಮೇಲಿನ ಅಂಕಿ 130ನ್ನು ಮೀರದಂತೆ ನೋಡಿಕೊಳ್ಳಬೇಕೆಂದು ಲ್ಯಾನ್ಸೆಟ್ ಆಯೋಗ ಹೇಳುತ್ತದೆ. ಅಮೆರಿಕದ ಸ್ಪ್ರಿಂಟ್ ಮೈಂಡ್ ಪ್ರಯೋಗದಲ್ಲಿ ಈ ಅಂಕಿಯನ್ನು 120ಕ್ಕಿಂತ ಕೆಳಗಿರಿಸುವ ಗುರಿಯ ಚಿಕಿತ್ಸೆ ಪಡೆದವರಲ್ಲಿ ಸೌಮ್ಯ ಅರಿವಿನ ದೌರ್ಬಲ್ಯ ಶೇ. 19ರಷ್ಟು ಕಡಿಮೆಯಾಯಿತು. ಮರೆಗುಳಿತನದ ಇಳಿಕೆ ಮಾತ್ರ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವಾಗಲಿಲ್ಲ. ಬಿ.ಪಿ. ಮತ್ತು ಸಕ್ಕರೆ ಕಾಯಿಲೆಗಳು ಬಹುಕಾಲ ಲಕ್ಷಣ ತೋರದ ಕಾರಣ ಗುಳಿಗೆಯನ್ನು ನಡುವೆ ಬಿಡುವುದು ಸಾಮಾನ್ಯ ತೊಡಕು. ಪಾರ್ಶ್ವವಾಯು ಹೊಡೆದವರಲ್ಲಿ ಮರೆಗುಳಿತನದ ಸಂಭವ ಹೆಚ್ಚು.

ಬಳಕೆ

ಬಾಲ್ಯ ಮತ್ತು ಯೌವನದಲ್ಲಿ ಶಾಲೆ ಬಿಡದಿರುವುದು, ವಿಶೇಷವಾಗಿ ಹೆಣ್ಣುಮಕ್ಕಳ ಓದು ಮುಂದುವರಿಯುವುದು, ಅರಿವಿನ ಮೀಸಲಿನ ತಳಹದಿ. ನಡುವಯಸ್ಸಿನಲ್ಲಿ ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕೊಬ್ಬು ಮತ್ತು ಕಿವಿಯ ಪರೀಕ್ಷೆ, ತಂಬಾಕು ತ್ಯಾಗ, ತೂಕದ ಹತೋಟಿ ಮುಖ್ಯ. ಮುಪ್ಪಿನಲ್ಲಿ ಬಿ12 ಪರೀಕ್ಷೆ, ಕನ್ನಡಕ, ಶ್ರವಣಯಂತ್ರ, ನಿತ್ಯ ನಡಿಗೆ, ಜನರೊಡನೆ ಮಾತು ಹಾಗೂ ಸಾಕಷ್ಟು ಪ್ರೋಟೀನು ಬೇಕಾಗುತ್ತವೆ. ಹಲ್ಲಿಲ್ಲದ ಹಿರಿಯರಿಗೆ ಗಟ್ಟಿಯಾದ ಕಟಿರೊಟ್ಟಿಯನ್ನು ಹಾಲು ಅಥವಾ ಸಾರಿನಲ್ಲಿ ನೆನೆಸಿ ಕೊಡುವುದು, ಜೋಳದ ನುಚ್ಚು, ಮೆತ್ತಗೆ ಬೇಯಿಸಿದ ಕಾಳು, ಗಟ್ಟಿ ಮೊಸರು ಅನುಕೂಲ. ಮರೆಗುಳಿತನ ಆರಂಭವಾದ ಮೇಲೂ ಇದೇ ಕ್ರಮಗಳು ಮುಂದುವರಿಯುತ್ತವೆ. ಆಗ ತೂಕ ಇಳಿಯದಂತೆ ನೋಡಿಕೊಳ್ಳುವುದು ಮೊದಲ ಗುರಿಯಾಗುತ್ತದೆ.

ಸದ್ಯದ ಸ್ಥಿತಿ ಮತ್ತು ಸೇವೆಗಳು

ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳು ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಹಾಗೂ ಸಕ್ಕರೆ ಕಾಯಿಲೆಯ ತಪಾಸಣೆಯ ಸೌಲಭ್ಯವಿದೆ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಅದರ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆ ಇವೆ. ಇದೇ ನಗರದಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಹಣ್ಣು ಮತ್ತು ತರಕಾರಿ ಬೆಳೆಗಳ ಬೋಧನೆ ಹಾಗೂ ಸಂಶೋಧನೆಯ ಕೇಂದ್ರ.

ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಜಂಟಿಯಾಗಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿದವು. ಪ್ರಾಥಮಿಕ ಹಂತದ ವೈದ್ಯರಿಗೆ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು ಮತ್ತು ಮರೆಗುಳಿತನವನ್ನು ಗುರುತಿಸುವ ತರಬೇತಿ ಕೊಟ್ಟು, ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಚಿಕಿತ್ಸಾಲಯಗಳನ್ನು ನಡೆಸುವುದು ಇದರ ಸ್ವರೂಪ. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಪ್ರಾಯೋಗಿಕವಾಗಿ ಶುರುವಾದ ಇದನ್ನು ಬಳಿಕ ಇತರ ಜಿಲ್ಲೆಗಳಿಗೂ ವಿಸ್ತರಿಸುವ ಕ್ರಮ ಕೈಗೊಳ್ಳಲಾಯಿತು. ಸಾಂಕ್ರಾಮಿಕವಲ್ಲದ ಕಾಯಿಲೆಗಳನ್ನು ಮನೆಬಾಗಿಲಲ್ಲೇ ಪತ್ತೆ ಮಾಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿದ ಅರಿವಿನ ಪರೀಕ್ಷೆಗಳ ಸಂಚಯ ಕನ್ನಡದಲ್ಲೂ ಲಭ್ಯವಿದೆ. ಹಿರಿಯರ ಸಹಾಯವಾಣಿ 14567 ಮತ್ತು ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಫೋನ್ ಮೂಲಕ ಸಲಹೆ ನೀಡುತ್ತವೆ.

ಸಾಕ್ಷ್ಯದ ಮಿತಿ

ವಯಸ್ಸು ಮತ್ತು ವಂಶವಾಹಿಗಳು ಬದಲಿಸಲಾಗದ ಅಂಶಗಳು. ಎಪಿಒಇ–4 ಎಂಬ ವಂಶವಾಹಿ ರೂಪ ಇರುವವರಲ್ಲಿ ಆಲ್‌ಝೈಮರ್ ಕಾಯಿಲೆಯ ಸಂಭವ ಹೆಚ್ಚು. ಶೇ. 45 ಎಂಬ ಅಂದಾಜು ಜನಸಮುದಾಯಕ್ಕೆ ಸಂಬಂಧಿಸಿದ್ದು, ಒಬ್ಬ ವ್ಯಕ್ತಿಯ ಮಟ್ಟಿಗೆ ಖಾತರಿಯಲ್ಲ. ಎಲ್ಲ ಕ್ರಮಗಳನ್ನು ಪಾಲಿಸಿದವರಿಗೂ ಕಾಯಿಲೆ ಬರಬಹುದು. ಆಹಾರದ ಕುರಿತ ಸಾಕ್ಷ್ಯದ ಬಹುಭಾಗ ಅವಲೋಕನ ಅಧ್ಯಯನಗಳಿಂದ ಬಂದದ್ದು. ಅವು ಸಂಬಂಧವನ್ನು ತೋರಿಸುತ್ತವೆ, ಕಾರಣವನ್ನು ಸಿದ್ಧಪಡಿಸುವುದಿಲ್ಲ. ಮುಖ್ಯ ಪ್ರಯೋಗಗಳು ನಡೆದದ್ದು ಯುರೋಪ್ ಮತ್ತು ಅಮೆರಿಕದಲ್ಲಿ. ಆಲಿವ್ ಎಣ್ಣೆ ಮತ್ತು ಬೆರಿ ಹಣ್ಣಿನ ಮೇಲೆ ನಡೆದ ಲೆಕ್ಕವನ್ನು ಶೇಂಗಾ ಎಣ್ಣೆ ಮತ್ತು ಪುಂಡಿಪಲ್ಲೆಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಈ ಕಾರಣದಿಂದ ಬಾಗಲಕೋಟೆ ಸೀಮೆಯ ರೊಟ್ಟಿಯೂಟವನ್ನು ಮರೆಗುಳಿತನದ ಔಷಧ ಎನ್ನುವಂತಿಲ್ಲ. ನಾರು, ಕಾಳು, ಸೊಪ್ಪು ಮತ್ತು ಎಣ್ಣೆಬೀಜಗಳನ್ನು ಒಂದೇ ತಾಟಿನಲ್ಲಿ ಒದಗಿಸುವ ಊಟ ಎಂಬುದು ಅದರ ಸರಿಯಾದ ವರ್ಗೀಕರಣ. ಬಿ12, ಉಪ್ಪು, ಕಿವಿ ಮತ್ತು ಬಿ.ಪಿ.ಗಳ ಲೆಕ್ಕವನ್ನು ಅದರ ಜೊತೆಗೆ ಪ್ರತ್ಯೇಕವಾಗಿ ಇಡಬೇಕಾಗುತ್ತದೆ.